ಬೇರೊಡೆಯದ ಕಡ್ಡಿ

ನೌಕರಿಯ ನಿಮಿತ್ತ ನಾವು ಶಿಮ್ಲಾದಲ್ಲಿ ಮೂರು ಚಳಿಗಾಲಗಳನ್ನು ಕಳೆದೆವು. ಮೊದಲನೆಯ ಚಳಿಗಾಲದ ಒಂದು ಭಾನುವಾರ ಥಾನೇದಾರ್ ಕಡೆಯ ತೋಟಗಾರರೊಬ್ಬರು ಊಟಕ್ಕೆ ಕರೆದಿದ್ದರು. ಜನವರಿ ತಿಂಗಳು, ಸೇಬಿನ ಗಿಡಗಳನ್ನು ಸವರುವ ಕೆಲಸ ನಡೆದಿತ್ತು. ಮರಗಳ ಬುಡದಲ್ಲಿ ಪೆನ್ಸಿಲ್ ಗಾತ್ರದ, ಕೆಂಗಂದು ತೊಗಟೆಯ ಕಡ್ಡಿಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಒಲೆಗೆ ಹೋಗಲಿದ್ದ ಆ ರಾಶಿಯಿಂದ ನಾವು ಇಪ್ಪತ್ತು ಕಡ್ಡಿಗಳನ್ನು ಆಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಕ್ವಾರ್ಟರ್ಸಿನ ಬಿಸಿಲುಮಚ್ಚಿನ ಕುಂಡಗಳಲ್ಲಿ ನೆಟ್ಟೆವು. ತೋಟಗಾರರು ನೋಡಿ ನಕ್ಕರು, ಬೇಡವೆನ್ನಲಿಲ್ಲ.

ಮಾರ್ಚ್ ನಡುವಿನ ಹೊತ್ತಿಗೆ ಅಷ್ಟೂ ಕಡ್ಡಿಗಳು ಚಿಗುರಿದವು. ಬೂದುಹಸಿರಿನ ಎಲೆಗಳು ಬಂದವು. ಒಂದರಲ್ಲಂತೂ ಗುಲಾಬಿ ಬಣ್ಣದ ಮೊಗ್ಗೂ ಕಾಣಿಸಿತು. ಊರಿಗೆ ಫೋಟೋ ಕಳಿಸಿದ್ದಾಯಿತು, ಹೊಗಳಿಸಿಕೊಂಡದ್ದೂ ಆಯಿತು. ಏಪ್ರಿಲ್ ಎರಡನೆಯ ವಾರ ಎಲೆಗಳು ಜೋತುಬಿದ್ದವು. ತಿಂಗಳು ಮುಗಿಯುವುದರೊಳಗೆ ಇಪ್ಪತ್ತೂ ಒಣಗಿದವು. ಕಿತ್ತು ನೋಡಿದರೆ ಒಂದರ ಬುಡದಲ್ಲಿಯೂ ಕೂದಲೆಳೆಯಷ್ಟು ಬೇರಿರಲಿಲ್ಲ. ತೋಟಗಾರರಿಗೆ ಫೋನ್ ಮಾಡಿ ಹೇಳಿದಾಗ ಅವರೆಂದದ್ದು ಇಷ್ಟು: "ಬಾಬೂಜಿ, ಅದು ಚಿಗುರಿದ್ದಲ್ಲ. ಕೈಯಲ್ಲಿದ್ದ ಗಂಟನ್ನು ಕರಗಿಸಿ ತಿಂದದ್ದು."

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ನಮ್ಮ ಕಡೆಯ ಗಾದೆ ಕಡ್ಡಿಗೂ ಸಲ್ಲುತ್ತದೆಯೆಂದು ನಮಗೆ ಆಗ ತಿಳಿಯಿತು. ಆದರೆ ಅಚ್ಚರಿ ಮಾತ್ರ ಉಳಿದೇ ಇತ್ತು. ನಾವು ಬೆಳೆದದ್ದು ಮಲೆನಾಡಿನ ಅಂಚಿನಲ್ಲಿ. ಅಲ್ಲಿ ಮುಂಗಾರಿಗೆ ಮುನ್ನ ಹಾಲುವಾಣದ ಗೂಟಗಳನ್ನು ನೆಟ್ಟು, ಅವಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಗೂಟ ಬೇರೊಡೆದು ಮರವಾಗುತ್ತದೆ. ನುಗ್ಗೆಯ ಕೊಂಬೆಯನ್ನು ಹಿತ್ತಲಲ್ಲಿ ಊರಿದರೆ ಸಾಕು. ದಾಸವಾಳದ ಕಡ್ಡಿ ಬೇಲಿಯಾಗುತ್ತದೆ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನ ಅಂಜೂರವಾಗಲಿ, ಬೆಂಗಳೂರಿನ ಸುತ್ತಣ ದ್ರಾಕ್ಷಿಯಾಗಲಿ ಬಲಿತ ಕಡ್ಡಿಯಿಂದಲೇ ಬೆಳೆಯುವಂಥವು. ಕಡ್ಡಿ ನೆಟ್ಟರೆ ಗಿಡವಾಗುತ್ತದೆಂಬುದನ್ನು ನಾವು ಯಾರೂ ಕಲಿತದ್ದಲ್ಲ, ಕಂಡು ಬೆಳೆದದ್ದು. ಸೇಬು ಏಕೆ ಒಲ್ಲೆನೆನ್ನುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಆ ವರ್ಷವೆಲ್ಲ ಓದಿದೆವು. ಸೇಬಿನ ಚರಿತ್ರೆಯ ಬಹುಪಾಲು ಈ ಒಂದು ಹಟದ ಸುತ್ತಲೇ ಹೆಣೆದುಕೊಂಡಿದೆಯೆಂಬುದು ಆ ಓದಿನಿಂದ ನಮಗೆ ಮನವರಿಕೆಯಾಯಿತು.

1975ರಲ್ಲಿ ಡೇನಿಯಲ್ ಜೊಹರಿ ಮತ್ತು ಪಿನ್ಹಾಸ್ ಸ್ಪೀಗೆಲ್-ರಾಯ್ ಎಂಬಿಬ್ಬರು ವಿಜ್ಞಾನಿಗಳು ಪ್ರಾಚೀನ ಜಗತ್ತಿನ ಹಣ್ಣಿನ ಬೇಸಾಯದ ಆರಂಭವನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅವರ ವಾದ ಸರಳವಾದದ್ದು. ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಮೊದಲು ಪಳಗಿಸಿದ ಹಣ್ಣುಗಳು ಆಲಿವ್, ದ್ರಾಕ್ಷಿ, ಅಂಜೂರ, ಖರ್ಜೂರ, ದಾಳಿಂಬೆ. ಇವೆಲ್ಲವೂ ಕಡ್ಡಿಯಿಂದಲೋ ಬುಡದ ಮರಿಯಿಂದಲೋ ಸುಲಭವಾಗಿ ವಂಶ ಬೆಳೆಸುವಂಥವು. ಸೇಬು, ಪೇರ್, ಪ್ಲಮ್, ಚೆರ್ರಿಗಳು ತೋಟಕ್ಕೆ ಬಂದದ್ದು ಬಹಳ ತಡವಾಗಿ, ಕಸಿ ಕಟ್ಟುವ ವಿದ್ಯೆ ಬಂದ ಮೇಲೆ. ರುಚಿಯಲ್ಲಿ ಸೇಬು ಹಿಂದೆ ಬಿದ್ದಿರಲಿಲ್ಲ. ಅದರ ಕಡ್ಡಿ ಬೇರೊಡೆಯುತ್ತಿರಲಿಲ್ಲ, ಅಷ್ಟೆ. ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳ ತಪ್ಪಲಿನಲ್ಲಿ ಕಾಡುಸೇಬಿನ ಅರಣ್ಯಗಳೇ ಇವೆ. 1929ರಲ್ಲಿ ರಷ್ಯದ ನಿಕೊಲಾಯ್ ವಾವಿಲೊವ್ ಅಲ್ಮಾ ಅತಾ ಸುತ್ತಲಿನ ಆ ಕಾಡುಗಳನ್ನು ನೋಡಿ, ಸೇಬಿನ ತವರು ಇದೇ ಎಂದು ತೀರ್ಮಾನಿಸಿದ್ದ. ಅಲ್ಲಿಂದ ಹಣ್ಣು ದಾರಿಹೋಕರ ಜೊತೆ ಬೀಜವಾಗಿ ಪಯಣ ಮಾಡಿತು. ಬೀಜವಾಗಿ ಹೋದದ್ದು ಎಲ್ಲಿಯೂ ತಾನಾಗಿ ಉಳಿಯಲಿಲ್ಲ.

ಇದು ಸೇಬಿನ ಎರಡನೆಯ ಹಟ. ಒಂದು ಸೇಬಿನ ಹೂವಿಗೆ ತನ್ನದೇ ಜಾತಿಯ ಪರಾಗ ಒಗ್ಗುವುದಿಲ್ಲ. ಬೇರೆ ತಳಿಯ ಪರಾಗವೇ ಬೇಕು. ಆದ್ದರಿಂದ ಒಂದೇ ಹಣ್ಣಿನ ಐದು ಬೀಜ ಬಿತ್ತಿದರೆ ಐದು ಬಗೆಯ ಮರ ಬರುತ್ತವೆ, ತಾಯಿಯನ್ನು ಹೋಲುವುದು ಒಂದೂ ಇರಲಾರದು. ಒಳ್ಳೆಯ ಮರವೊಂದು ಸಿಕ್ಕಿತೆಂದರೆ ಅದನ್ನು ಉಳಿಸಿಕೊಳ್ಳುವ ದಾರಿ ಕಸಿಯೊಂದೇ. ಗ್ರೀಕರಲ್ಲಿ ಥಿಯೊಫ್ರಾಸ್ಟಸ್ ಕಸಿಯನ್ನು ಬಲ್ಲ. ರೋಮಿನ ಕೇಟೊ ಅದರ ವಿಧಾನವನ್ನೇ ಬರೆದಿಟ್ಟಿದ್ದಾನೆ. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಎರಡನೆಯ ಭಾಗದಲ್ಲಿ ಮುದಿ ನ್ಯಾಯಾಧೀಶ ಶ್ಯಾಲೊ ತನ್ನ ಕೈಯಾರೆ ಕಸಿ ಮಾಡಿದ ಸೇಬನ್ನು ಅತಿಥಿಗೆ ಜಂಬದಿಂದ ಕೊಡಹೊರಡುತ್ತಾನೆ. ಎಂ.ಎ. ತರಗತಿಯಲ್ಲಿ ಆ ದೃಶ್ಯವನ್ನು ಓದಿದಾಗ ನಮಗೆ ಅದರಲ್ಲಿ ಮುದುಕನ ಬಡಾಯಿಯಷ್ಟೇ ಕಂಡಿತ್ತು. ಕಸಿಯೆಂಬುದು ಅಂದಿನ ಹಳ್ಳಿಯ ಸಾಹುಕಾರನಿಗೆ ಹೆಮ್ಮೆಯ ವಿದ್ಯೆಯಾಗಿತ್ತೆಂಬುದು ಈಗ ಕಾಣುತ್ತದೆ.

ಕಸಿಗೆ ಎರಡು ಭಾಗಗಳು ಬೇಕು. ಮೇಲಿನದು ಹಣ್ಣು ಕೊಡುವ ಕಸಿಕಡ್ಡಿ. ಕೆಳಗಿನದು ಬೇರು ಕೊಡುವ ಬೇರುಸಸಿ. ಎರಡು ಸಾವಿರ ವರ್ಷ ಬೇರುಸಸಿಯನ್ನು ಕುರಿತು ಹೆಚ್ಚು ಜನ ತಲೆ ಕೆಡಿಸಿಕೊಂಡಂತೆ ತೋರುವುದಿಲ್ಲ. ಕಾಡುಸೇಬಿನ ಬೀಜವೋ, ರಸ ಹಿಂಡಿ ಎಸೆದ ಚರಟದೊಳಗಿನ ಬೀಜವೋ ಬಿತ್ತಿ, ಬಂದ ಸಸಿಗೆ ಕಸಿ ಕಟ್ಟಿದರೆ ಆಯಿತು. ಫಲವಾಗಿ ತೋಟದಲ್ಲಿ ನೆಲದ ಮೇಲೆ ಒಂದೇ ಮರದ ನೂರು ಪ್ರತಿಗಳು, ನೆಲದ ಕೆಳಗೆ ನೂರು ಮಂದಿ ಅಪರಿಚಿತರು. ಒಂದು ಮರ ಮೂವತ್ತು ಅಡಿ ಏರುತ್ತದೆ, ಪಕ್ಕದ್ದು ಹದಿನೈದಕ್ಕೆ ನಿಲ್ಲುತ್ತದೆ. ಒಂದು ಐದನೆಯ ವರ್ಷ ಕಾಯಿ ಬಿಡುತ್ತದೆ, ಇನ್ನೊಂದು ಹತ್ತು ಕಳೆದರೂ ಬಿಡದು. ತೋಟಗಾರ ಅದನ್ನು ಮಣ್ಣಿನ ಗುಣವೆಂದೋ ಹಣೆಬರಹವೆಂದೋ ತಿಳಿದು ಸುಮ್ಮನಾಗುತ್ತಿದ್ದ.

ಈ ನಡುವೆ ಹಟ ಬಿಟ್ಟ ಸೇಬುಗಳೂ ಅಲ್ಲಲ್ಲಿ ಇದ್ದವು. ಸ್ಕಾಟ್ಲೆಂಡಿನಲ್ಲಿ ಆಸ್ಲಿನ್ ಎಂಬ ಹಳೆಯ ತಳಿಯಿದೆ. ಆರ್ಬ್ರೋತ್ ಮಠದ ಸಂನ್ಯಾಸಿಗಳು ತಂದದ್ದೆಂಬ ಐತಿಹ್ಯ. ಅದರ ಕೊಂಬೆಗಳ ಮೇಲೆ ನರುಲೆಯಂಥ ಒರಟು ಗಂಟುಗಳು ಏಳುತ್ತವೆ. ಗಂಟಿರುವ ಕೊಂಬೆಯನ್ನು ಕಡಿದು ನೆಟ್ಟರೆ ಅಲ್ಲಿಂದ ಬೇರು ಬರುತ್ತದೆ, ಕಸಿಯ ಹಂಗಿಲ್ಲ. ಆ ಗಂಟುಗಳೊಳಗೆ ಬೇರಿನ ಮೊಳಕೆಗಳು ಮೊದಲೇ ಹುಟ್ಟಿ ಕಾದು ಕುಳಿತಿರುತ್ತವೆಂದು ಬಹಳ ಕಾಲದ ನಂತರ ಸೂಕ್ಷ್ಮದರ್ಶಕದಲ್ಲಿ ಕಂಡರು. ರೈತರು ಅದನ್ನು ಕಣ್ಣಳತೆಯಲ್ಲಿಯೇ ಅರಿತಿದ್ದರು.

ಚರಿತ್ರೆಯ ದಿಕ್ಕು ಬದಲಿಸಿದ್ದು ಮಾತ್ರ ಇನ್ನೊಂದು ಗುಂಪು: ಫ್ರಾನ್ಸಿನಲ್ಲಿ 'ಪ್ಯಾರಡೈಸ್' ಮತ್ತು 'ಡೂಸೆನ್' ಎಂದು ಕರೆಯುತ್ತಿದ್ದ ಕುಳ್ಳು ಸೇಬುಗಳು. ಹಣ್ಣು ತಿನ್ನಲು ಅಷ್ಟಕ್ಕಷ್ಟೆ. ಆದರೆ ಬುಡದಿಂದ ಮರಿಗಳು ಏಳುತ್ತಿದ್ದವು, ಆ ಮರಿಗಳಿಗೆ ಮಣ್ಣೇರಿಸಿದರೆ ಬೇರು ಬರುತ್ತಿತ್ತು. ಅಂಥದರ ಮೇಲೆ ಒಳ್ಳೆಯ ತಳಿಯನ್ನು ಕಸಿ ಮಾಡಿದರೆ ಮರ ಆಳೆತ್ತರಕ್ಕೆ ನಿಂತು ಮೂರನೆಯ ನಾಲ್ಕನೆಯ ವರ್ಷಕ್ಕೇ ಕಾಯಿ ಕೊಡುತ್ತಿತ್ತು. ಹದಿನಾಲ್ಕನೆಯ ಲೂಯಿಯ ವರ್ಸೇಲ್ಸ್ ಅರಮನೆಗೆ 1678ರಿಂದ 1683ರವರೆಗೆ ಹಣ್ಣು ತರಕಾರಿಗಳ ರಾಜೋದ್ಯಾನವನ್ನು ಕಟ್ಟಿದ ಲಾ ಕ್ಯಾಂತಿನಿ ಎಂಬ ತೋಟಗಾರನ ಕಾಲದಲ್ಲಿ ಗೋಡೆಗೆ ಒರಗಿಸಿ, ಬೆರಳುಗಳಂತೆ ಹರಡಿಸಿ ಬೆಳೆಸುವ ಕುಳ್ಳುಮರಗಳು ಶ್ರೀಮಂತರ ಶೋಕಿಯಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ನರ್ಸರಿಯವನಾದ ಥಾಮಸ್ ರಿವರ್ಸ್ ಈ ಪುಟ್ಟ ಮರಗಳ ಪರವಾಗಿ ಪುಸ್ತಕವನ್ನೇ ಬರೆದು ಮಧ್ಯಮ ವರ್ಗದ ಹಿತ್ತಲಿಗೆ ತಂದ.

ಬೇಡಿಕೆ ಬಂದಲ್ಲಿ ಬೆರಕೆಯೂ ಬರುತ್ತದೆ. ಇನ್ನೂರು ಮುನ್ನೂರು ವರ್ಷಗಳ ಕೈಬದಲಿಕೆಯಲ್ಲಿ 'ಪ್ಯಾರಡೈಸ್' ಎಂಬ ಒಂದು ಹೆಸರಿನಡಿ ಹತ್ತಾರು ಬೇರೆ ಬೇರೆ ಗಿಡಗಳು ಸೇರಿಕೊಂಡವು. ಫ್ರೆಂಚ್ ಪ್ಯಾರಡೈಸ್, ಇಂಗ್ಲಿಷ್ ಪ್ಯಾರಡೈಸ್, ಅಗಲ ಎಲೆಯದು, ಹಳದಿ ತೊಗಟೆಯದು. ಒಬ್ಬನ ಡೂಸೆನ್ ಇನ್ನೊಬ್ಬನ ಪ್ಯಾರಡೈಸ್. ಕಸಿ ಮಾಡಿ ಮಾರುವ ಎರಡು ವರ್ಷದ ಸಸಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಎಂಟು ಹತ್ತು ವರ್ಷಗಳ ನಂತರ: ಕುಳ್ಳೆಂದು ಹತ್ತಡಿ ಅಂತರದಲ್ಲಿ ನೆಟ್ಟದ್ದು ದೈತ್ಯವಾಗಿ ಬೆಳೆದು ಪಕ್ಕದ ಮರದ ಬಿಸಿಲು ತಿನ್ನತೊಡಗಿದಾಗ. ಆ ಹೊತ್ತಿಗೆ ನರ್ಸರಿಯ ರಸೀದಿ ಎಲ್ಲಿರುತ್ತದೆ? ಜವಳಿಯ ಅಂಗಡಿಯಲ್ಲಿ ಮೋಸ ಹೋದವನು ಮರುದಿನ ಹೋಗಿ ಜಗಳವಾಡಬಹುದು. ತೋಟದವನು ತನ್ನ ಆಯುಷ್ಯದ ಒಂದು ಭಾಗವನ್ನೇ ಕಳೆದುಕೊಂಡಿರುತ್ತಾನೆ. ಮೋಸ ಮಾಡಿದವನಿಗೂ ತಾನು ಮೋಸ ಮಾಡಿದೆನೆಂದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಈ ಗೊಂದಲವನ್ನು ಬಿಡಿಸಿದ ಊರು ಇಂಗ್ಲೆಂಡಿನ ಕೆಂಟ್ ಸೀಮೆಯ ಈಸ್ಟ್ ಮಾಲಿಂಗ್. 1913ರಲ್ಲಿ ಅಲ್ಲಿ ಹಣ್ಣಿನ ಪ್ರಯೋಗ ಕೇಂದ್ರವೊಂದು ಆರಂಭವಾಯಿತು. ಮಹಾಯುದ್ಧ ಶುರುವಾದಾಗ ಅದರ ಹೊಣೆ ರೊನಾಲ್ಡ್ ಹ್ಯಾಟನ್ ಎಂಬ ತರುಣನ ಹೆಗಲಿಗೆ ಬಿತ್ತು. ಈತ ಮೂಲತಃ ಸಸ್ಯವಿಜ್ಞಾನಿಯಲ್ಲ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿ, ಬಳಿಕ ಕೃಷಿ ಕೂಲಿಗಳ ನಡುವೆ ದುಡಿದು ಬದುಕಿ, ಅವರನ್ನು ಕುರಿತು ಕ್ರಿಸ್ಟಫರ್ ಹೋಲ್ಡನ್‌ಬಿ ಎಂಬ ಕಾವ್ಯನಾಮದಲ್ಲಿ 'ಫೋಕ್ ಆಫ್ ದಿ ಫರೋ' ಎಂಬ ಪುಸ್ತಕವನ್ನು ಪ್ರಕಟಿಸಿದ್ದವನು. ಸಾಹಿತ್ಯದ ಕಡೆಯಿಂದ ಬಂದ ನಮ್ಮಂಥವರಿಗೆ ಈ ವಿವರ ಸ್ವಲ್ಪ ಹಿಗ್ಗು ಕೊಟ್ಟಿತೆಂದು ಒಪ್ಪಿಕೊಳ್ಳಬೇಕು. ಹ್ಯಾಟನ್ ಮಾಡಿದ ಕೆಲಸವೂ ಒಂದು ರೀತಿಯಲ್ಲಿ ಗ್ರಂಥಸಂಪಾದಕನದೇ. ಒಂದು ಕಾವ್ಯದ ಹಲವು ಓಲೆಪ್ರತಿಗಳನ್ನು ಕೂಡಿಸಿ, ಯಾವುದು ಯಾವುದರ ನಕಲು, ಎಲ್ಲಿ ಲಿಪಿಕಾರ ತಪ್ಪಿದ ಎಂದು ನೋಡುವಂತೆ, ನರ್ಸರಿಗಳಿಂದ ಸಿಕ್ಕಿದ ಪ್ಯಾರಡೈಸುಗಳನ್ನೆಲ್ಲ ತರಿಸಿ ಸಾಲಾಗಿ ನೆಟ್ಟು, ಎಲೆ, ತೊಗಟೆ, ಮೊಗ್ಗು, ಬೇರುಗಳನ್ನು ವರ್ಷಗಟ್ಟಲೆ ಹೋಲಿಸಿದರು. 1917ರ ಪ್ರಕಟಣೆಯಲ್ಲಿ ಹ್ಯಾಟನ್ ಹಳೆಯ ಹೆಸರುಗಳನ್ನು ಬದಿಗಿಟ್ಟು ರೋಮನ್ ಅಂಕೆಗಳನ್ನು ಕೊಟ್ಟ: ಒಂದರಿಂದ ಒಂಬತ್ತು. ಮುಂದೆ ಪಟ್ಟಿ ಬೆಳೆಯಿತು. ಮಾಲಿಂಗ್ 1 ಎಂದರೆ ಹಳೆಯ ಅಗಲ ಎಲೆಯ ಇಂಗ್ಲಿಷ್ ಪ್ಯಾರಡೈಸ್. ಮಾಲಿಂಗ್ 9 ಎಂದರೆ ಫ್ರಾನ್ಸಿನ 'ಜೋನ್ ದ ಮೆಸ್'. ಇಂದು ಜಗತ್ತಿನ ದಟ್ಟ ಸೇಬುತೋಟಗಳ ಬಹುಪಾಲು ನಿಂತಿರುವುದು ಈ ಒಂಬತ್ತನೆಯ ಸಂಖ್ಯೆಯ ಮೇಲೆ.

ಅಂಕೆಗಳಿಗೂ ಮರದ ಎತ್ತರಕ್ಕೂ ಸಂಬಂಧವಿಲ್ಲ. ಒಂಬತ್ತು ಕುಳ್ಳು, ಹದಿನಾರು ದೈತ್ಯ, ಇಪ್ಪತ್ತಾರು ಮತ್ತೆ ಗಿಡ್ಡ. ಕ್ರಮವಾಗಿ ಇಟ್ಟಿದ್ದರೆ ಎಷ್ಟು ಚೆನ್ನಿತ್ತೆಂದು ಈಚಿನ ಪುಸ್ತಕಗಳು ಗೊಣಗುವುದುಂಟು. ನಮಗೆ ಹಾಗನ್ನಿಸುವುದಿಲ್ಲ. 'ಸ್ವರ್ಗ'ವೆಂಬ ಹೆಸರು ಮಾಡಿದ ಅವಾಂತರ ಕಂಡವನು ಏನೂ ಅರ್ಥ ಕೊಡದ ಅಂಕೆಯನ್ನೇ ಬೇಕೆಂದು ಆರಿಸಿಕೊಂಡಿರಬೇಕು. ಸರ್ಕಾರಿ ಕಡತಗಳ ಸಂಖ್ಯೆಗಳ ನಡುವೆ ಇಪ್ಪತ್ತು ವರ್ಷ ಕಳೆದ ನಮಗೆ ಅದರ ಬೆಲೆ ಗೊತ್ತು.

ಹೆಸರೇನೋ ನೆಟ್ಟಗಾಯಿತು. ಇನ್ನು ಒಂದೇ ಗಿಡವನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಬಗೆ ಹೇಗೆ? ಆಗ ರೂಢಿಯಲ್ಲಿದ್ದದ್ದು ಮಣ್ಣೇರಿಸುವ ಪದ್ಧತಿ. ತಾಯಿಗಿಡವನ್ನು ಚಳಿಗಾಲದಲ್ಲಿ ನೆಲಮಟ್ಟಕ್ಕೆ ಕಡಿಯುತ್ತಾರೆ. ವಸಂತದಲ್ಲಿ ಏಳುವ ಚಿಗುರುಗಳ ಬುಡಕ್ಕೆ ಅವು ಬೆಳೆದಂತೆಲ್ಲ ಹಂತ ಹಂತವಾಗಿ ಮಣ್ಣು ಕೂಡಿಸುತ್ತಾರೆ. ಮಣ್ಣಿನೊಳಗಿನ ಕತ್ತಲೆ ಮತ್ತು ತೇವದಲ್ಲಿ ಚಿಗುರಿನ ಬುಡ ಬೆಳ್ಳಗೆ ಮೆತ್ತಗಾಗಿ, ಶರತ್ಕಾಲದ ಹೊತ್ತಿಗೆ ಬೇರು ಬಿಡುತ್ತದೆ. ಕೊಯ್ದುಕೊಂಡರೆ ಬೇರುಸಸಿ. ನಮ್ಮಲ್ಲಿ ದಾಳಿಂಬೆ, ಸೀಬೆಗಳಿಗೆ ಕಟ್ಟುವ ಗೂಟಿಯ ತತ್ತ್ವವೇ ಇದು, ನೆಲದ ಮೇಲೆ ನಡೆಯುತ್ತದೆ, ಅಷ್ಟೆ. ಇದು ಇಂದಿಗೂ ಬಿದ್ದುಹೋಗಿಲ್ಲ. ಆದರೆ ಒಳ್ಳೆಯ ಜಮೀನು ವರ್ಷಗಟ್ಟಲೆ ಅದಕ್ಕೇ ಮೀಸಲಾಗಬೇಕು, ಮಣ್ಣೇರಿಸಲು ಆಳು ಬೇಕು, ಮಳೆ ಹದವಾಗಿ ಬರಬೇಕು. ಮಣ್ಣಿನ ರೋಗಗಳೂ ಸಸಿಯ ಜೊತೆ ಹೋಗುತ್ತವೆ.

ಅಷ್ಟರಲ್ಲಿ ಇನ್ನೊಂದು ಒತ್ತಡವೂ ಬಂತು. ಬೇರಿಗೂ ಕೊಂಬೆಗೂ ಹತ್ತಿಯಂತೆ ಮೆತ್ತಿಕೊಳ್ಳುವ ಉಣ್ಣೆಹೇನು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ತೋಟಗಳನ್ನು ಹೈರಾಣು ಮಾಡಿತ್ತು. ಅಮೆರಿಕದ 'ನಾರ್ದರ್ನ್ ಸ್ಪೈ' ಎಂಬ ತಳಿಗೆ ಅದು ಹತ್ತುತ್ತಿರಲಿಲ್ಲ. ಈಸ್ಟ್ ಮಾಲಿಂಗಿನವರು ಲಂಡನ್ ಬಳಿಯ ಮರ್ಟನ್ನಿನಲ್ಲಿದ್ದ ಜಾನ್ ಇನ್ಸ್ ಸಂಸ್ಥೆಯೊಡನೆ ಕೂಡಿ, ನಾರ್ದರ್ನ್ ಸ್ಪೈಯನ್ನು ಮಾಲಿಂಗ್ ಬೇರುಸಸಿಗಳೊಡನೆ ಸಂಕರ ಮಾಡಿದರು. ಎರಡೂ ಊರುಗಳ ಮೊದಲಕ್ಷರ ಹೊತ್ತು ಎಂಎಂ 106, ಎಂಎಂ 111 ಮೊದಲಾದವು 1952ರಲ್ಲಿ ಹೊರಬಂದವು. ಜಗತ್ತಿನ ನಾನಾ ಕಡೆಯಿಂದ ಬೇಡಿಕೆ ಬಂದಾಗ, ಹೊಸ ಗಿಡವನ್ನು ಬೇಗ ಹೆಚ್ಚಿಸುವ ಬಗೆ ಬೇಕೇ ಬೇಕಾಯಿತು. ಮತ್ತೆ ಹಳೆಯ ಕಡ್ಡಿಯ ಕಡೆಗೆ ಕಣ್ಣು ಹೊರಳಿತು.

ಕಡ್ಡಿಗೆ ಬೇರು ಬರಿಸುವ ಮದ್ದು ಆಗಲೇ ಸಿಕ್ಕಿತ್ತು. 1880ರಲ್ಲಿ ಡಾರ್ವಿನ್ ತನ್ನ ಮಗನೊಡನೆ ಮೊಳಕೆಗಳು ಬೆಳಕಿಗೆ ಬಾಗುವುದನ್ನು ಪರೀಕ್ಷಿಸಿ, ತುದಿಯಿಂದ ಏನೋ ಒಂದು ಪ್ರಭಾವ ಕೆಳಗಿಳಿಯುತ್ತದೆಂದ. 1920ರ ದಶಕದ ಕೊನೆಯಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಆ 'ಏನೋ ಒಂದ'ನ್ನು ಅಗರಿನ ತುಣುಕಿನಲ್ಲಿ ಹಿಡಿದು ತೋರಿಸಿದ. ಅದು ಆಕ್ಸಿನ್. ಅದೇ ವಸ್ತು ಬೇರನ್ನೂ ಹುಟ್ಟಿಸುತ್ತದೆಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. 1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಜಿಮರ್‌ಮನ್ ಮತ್ತು ವಿಲ್‌ಕಾಕ್ಸನ್, ಇಂಡೋಲ್ ಬ್ಯುಟಿರಿಕ್ ಆಮ್ಲ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆಂದು ತೋರಿಸಿದರು. ಇಂದು ನರ್ಸರಿ ಅಂಗಡಿಗಳಲ್ಲಿ ಬಿಳಿಯ ಡಬ್ಬಿಯಲ್ಲಿ ಸಿಗುವ 'ರೂಟಿಂಗ್ ಪೌಡರ್' ಬಹುಮಟ್ಟಿಗೆ ಅದೇ.

ಆದರೆ ಸೇಬಿನ ಬಲಿತ ಕಡ್ಡಿಗೆ ಮದ್ದೊಂದೇ ಸಾಲಲಿಲ್ಲ. ಉಳಿದ ಅರ್ಧವನ್ನು ಕಂಡುಕೊಂಡದ್ದು ಮತ್ತೆ ಈಸ್ಟ್ ಮಾಲಿಂಗಿನಲ್ಲಿಯೇ: 1950ರ ದಶಕದಲ್ಲಿ ಗಾರ್ನರ್ ಮತ್ತು ಹ್ಯಾಚರ್, ಮುಂದಿನ ದಶಕಗಳಲ್ಲಿ ಬ್ರಯನ್ ಹೋವರ್ಡ್. ಅವರ ವಿಧಾನದಲ್ಲಿ ಯಂತ್ರ ತಂತ್ರ ಏನೂ ಇಲ್ಲ, ನೋಡಿದರೆ ನಗು ಬರುವಷ್ಟು ಸರಳ. ಎಲೆಯುದುರಿದ ಬೇರುಸಸಿಯ ಒಂದು ವರ್ಷದ ಕಡ್ಡಿಯನ್ನು ಚಳಿಗಾಲದ ಕೊನೆಯಲ್ಲಿ ಕಡಿಯುವುದು. ಅದರ ಬುಡವನ್ನು ಲೀಟರಿಗೆ 2.5 ಗ್ರಾಂ ಪ್ರಮಾಣದಲ್ಲಿ ಆ ಆಮ್ಲ ಬೆರೆತ ಮದ್ಯಸಾರದಲ್ಲಿ ಕೆಲವು ಸೆಕೆಂಡು ಅದ್ದುವುದು. ಬಳಿಕ ಮರಳು, ಪೀಟ್ ಬೆರಸಿ ತುಂಬಿದ ತೊಟ್ಟಿಯಲ್ಲಿ ಒತ್ತೊತ್ತಾಗಿ ನಿಲ್ಲಿಸುವುದು. ತೊಟ್ಟಿಯ ತಳದಲ್ಲಿ ವಿದ್ಯುತ್ ತಂತಿಯ ಕಾವು, ಕಡ್ಡಿಯ ಬುಡಕ್ಕೆ ಸುಮಾರು 21 ಡಿಗ್ರಿ. ತಲೆಯ ಕಡೆ ಮಾತ್ರ ಚಳಿಗಾಲದ ತಣ್ಣನೆಯ ಗಾಳಿಯೇ ಇರಬೇಕು.

ಗುಟ್ಟು ಇರುವುದು ಈ ಕೊನೆಯ ಮಾತಿನಲ್ಲಿ. ಪಾದಕ್ಕೆ ಬೆಚ್ಚಗೆ, ತಲೆಗೆ ತಣ್ಣಗೆ. ಕಡ್ಡಿಯೊಳಗೆ ಹಿಂದಿನ ಬೇಸಿಗೆಯಲ್ಲಿ ಕೂಡಿಟ್ಟ ಪಿಷ್ಟವಿದೆ. ಅದಕ್ಕೆ ವಾರಸುದಾರರು ಇಬ್ಬರು, ಮೇಲಿನ ಮೊಗ್ಗು ಮತ್ತು ಬುಡದಲ್ಲಿ ಹುಟ್ಟಬೇಕಾದ ಬೇರು. ಮೊಗ್ಗು ಸಿದ್ಧವಾಗಿದೆ, ಬಿಸಿಲು ಕಂಡೊಡನೆ ಎದ್ದು ಎಲ್ಲವನ್ನೂ ಬಳಿದುಕೊಳ್ಳುತ್ತದೆ. ಬೇರು ಇನ್ನೂ ಹುಟ್ಟಿಯೇ ಇಲ್ಲ. ಮೊಗ್ಗನ್ನು ತಂಪಿನಲ್ಲಿ ಮಲಗಿಸಿಟ್ಟು, ಬುಡವನ್ನು ಬೆಚ್ಚಗಿಟ್ಟು ಎಚ್ಚರಿಸಿದರೆ ಬೇರಿಗೆ ಕೆಲವು ವಾರಗಳ ಮುನ್ನಡೆ ಸಿಗುತ್ತದೆ. ಹಾಗೆಂದು ಬಹಳ ದಿನ ಬೆಚ್ಚಗಿಡುವಂತೆಯೂ ಇಲ್ಲ. ಎರಡು ಮೂರು ವಾರದಲ್ಲಿ ತೊಗಟೆ ಸೀಳಿ ಬಿಳಿಯ ಮೊಳಕೆಗಳು ಇಣುಕುತ್ತಿದ್ದಂತೆ ತೆಗೆದು ಹೊಲಕ್ಕೆ ನೆಡಬೇಕು. ಬೇರು ಚೆನ್ನಾಗಿ ಉದ್ದವಾಗಲಿ ಎಂದು ಕಾದರೆ ಗಂಟು ಕರಗಿ, ಬುಡ ಕೊಳೆತು ಕಡ್ಡಿ ಸಾಯುತ್ತದೆ. ಎಷ್ಟೋ ನರ್ಸರಿಗಳು ಸೋತದ್ದು ಬೇರು ಬಂದ ಮೇಲೆ. ನಮ್ಮ ಬಿಸಿಲುಮಚ್ಚಿನಲ್ಲಿ ನಡೆದದ್ದು ಇದಕ್ಕೆ ನೇರ ತಿರುಗುಮುರುಗು: ತಲೆಗೆ ಬಿಸಿಲು, ಬುಡಕ್ಕೆ ಶಿಮ್ಲಾದ ಮಣ್ಣಿನ ಕೊರೆತ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಅದೇ ತಳಿಯ ಕಡ್ಡಿಯಾದರೂ ವಯಸ್ಸಾದ ಮರದಿಂದ ತೆಗೆದದ್ದು ಬೇರೊಡೆಯುವುದು ಕಷ್ಟ. ಪ್ರತಿ ಚಳಿಗಾಲ ಬುಡದ ಹತ್ತಿರಕ್ಕೆ ಕಡಿದು ಬೇಲಿಯಂತೆ ಬೆಳೆಸಿದ ಸಾಲಿನಿಂದ ತೆಗೆದದ್ದು ಸುಲಭ. ಅದರಲ್ಲಿಯೂ ಕಡ್ಡಿಯ ಬುಡದ ಭಾಗ ತುದಿಗಿಂತ ಮೇಲು. ಇದನ್ನು ಓದಿದಾಗ ನಮಗೆ ಥಾಮಸ್ ಆಂಡ್ರ್ಯೂ ನೈಟ್ ನೆನಪಾದ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈತ ಒಂದು ವಾದ ಹೂಡಿದ್ದ: ಪ್ರತಿಯೊಂದು ತಳಿಗೂ ಒಂದು ಆಯುಷ್ಯವಿದೆ, ಕಸಿ ಮಾಡಿದ ಗಿಡ ಹೊಸದಲ್ಲ, ಮುದಿ ಮರದ ಮುದಿ ಅಂಗವೇ, ಮೂಲ ಮರದ ಕಾಲ ಮುಗಿದೊಡನೆ ಅದರ ಕಸಿಗಳೆಲ್ಲವೂ ಬತ್ತುತ್ತವೆ. ಈ ವಾದ ಬಿದ್ದುಹೋಯಿತು. ಶತಮಾನಗಳ ಹಿಂದಿನ ತಳಿಗಳು ಇಂದಿಗೂ ಗಟ್ಟಿಮುಟ್ಟಾಗಿವೆ, ಅಂದು ಸೊರಗಿದ್ದಕ್ಕೆ ರೋಗಗಳು ಕಾರಣವಾಗಿದ್ದಿರಬೇಕು. ಆದರೆ ಕಡ್ಡಿ ತನ್ನ ಮರದ ವಯಸ್ಸನ್ನು ಹೊತ್ತು ತರುತ್ತದೆಂಬಷ್ಟು ಮಾತು ಬೇರೊಡೆಯುವ ವಿಷಯದಲ್ಲಿ ನಿಜವೇ ಆಯಿತು. ನೈಟ್ ಕಾಣದೆ ಹೋದದ್ದು, ಆ ವಯಸ್ಸನ್ನು ಕತ್ತರಿಯಿಂದ ಹಿಂದಕ್ಕೆ ತಿರುಗಿಸಬಹುದೆಂಬುದು.

ಮಾಲಿಂಗ್ 9 ಮಾತ್ರ ಇಷ್ಟೆಲ್ಲ ಉಪಚಾರಕ್ಕೂ ಜಗ್ಗದೆ ಮೊಂಡುತನ ಮಾಡಿತು. ಎಂಎಂ 106 ಒಲಿಯಿತು. ಎಲ್ಲರಿಗೂ ಬೇಕಾದ ಕುಳ್ಳು ಒಲಿಯದೆ, ನಡುಮಟ್ಟದ್ದು ಒಲಿದದ್ದರಿಂದ ಮಣ್ಣೇರಿಸುವ ಹಳೆಯ ಪದ್ಧತಿ ಉಳಿದುಕೊಂಡಿತು. ಈಚೆಗೆ ಅಂಗಾಂಶ ಕೃಷಿಯೂ ಬಂದಿದೆ. ಬೆಚ್ಚನೆಯ ತೊಟ್ಟಿ ಇವೆರಡರ ನಡುವಿನ ಒಂದು ಮಜಲು. ಅದು ಜಗತ್ತನ್ನು ಗೆಲ್ಲಲಿಲ್ಲ. ಆದರೂ ಸೇಬಿನ ಹಟ ಎಲ್ಲಿ ಕುಳಿತಿದೆಯೆಂದು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಅದೇ.

ಹಿಮಾಚಲದ ಕಥೆಯಲ್ಲಿಯೂ ಕಸಿಯ ಮೇಲರ್ಧ ಮೊದಲು ಬಂತು, ಕೆಳಗಿನರ್ಧ ತಡವಾಗಿ ಬಂತು. 1870ರ ಸುಮಾರಿಗೆ ಕುಲ್ಲುವಿನ ಬಂದ್ರೋಲಿನಲ್ಲಿ ಕ್ಯಾಪ್ಟನ್ ಲೀ ಇಂಗ್ಲಿಷ್ ತಳಿಗಳನ್ನು ನೆಟ್ಟ. ಹುಳಿಯಾದ ಆ ಹಣ್ಣುಗಳು ಜನರಿಗೆ ಅಷ್ಟಾಗಿ ಹಿಡಿಸಲಿಲ್ಲ. 1916ರಲ್ಲಿ ಕೋಟ್‌ಗಢದಲ್ಲಿ ಅಮೆರಿಕದ ಸ್ಯಾಮ್ಯುಯಲ್ ಸ್ಟೋಕ್ಸ್, ಮುಂದೆ ಸತ್ಯಾನಂದರಾದವರು, ಡೆಲಿಷಸ್ ತಳಿಯ ಸಸಿಗಳನ್ನು ತಂದು ನೆಟ್ಟರು. ಆ ಸಿಹಿಯ ಮೇಲೆ ಒಂದು ರಾಜ್ಯದ ಬದುಕೇ ನಿಂತಿತು. ಆದರೆ ಬೆಟ್ಟದ ತೋಟಗಳು ಮುಂದಿನ ಎಷ್ಟೋ ದಶಕ ನಿಂತದ್ದು ಕಾಡುಸೇಬಿನ ಬೀಜದ ಸಸಿಗಳ ಮೇಲೆಯೇ. ಎತ್ತರದ ಏಣಿ, ಇಪ್ಪತ್ತು ಅಡಿಗಳಿಗೂ ಮೀರಿದ ಅಂತರ, ಎಂಟು ಹತ್ತು ವರ್ಷದ ಕಾಯುವಿಕೆ. ಈಗ ಆ ಮರಗಳು ಮುದಿಯಾಗಿವೆ. ಅದೇ ಮಣ್ಣಿನಲ್ಲಿ ಮತ್ತೆ ಸೇಬು ನೆಟ್ಟರೆ ಸಸಿ ಸೊರಗುತ್ತದೆ. ಅದಕ್ಕೂ ತಡೆಯುವ ಬೇರುಸಸಿ ಬೇಕು. ಎಂಎಂ 106, 111, ಮಾಲಿಂಗ್ 9 ಎಂಬ ಅಂಕೆಗಳನ್ನು ಅಲ್ಲಿನ ಚಹಾದಂಗಡಿಯಲ್ಲಿಯೂ ಕೇಳಬಹುದು. ನಮಗೆ ಊಟ ಹಾಕಿದ ತೋಟಗಾರರು ಒಂದು ಸಾಲು ಮರಗಳನ್ನು ತೋರಿಸಿ, ಇವು 106 ಎಂದು ಹಣ ಕೊಟ್ಟು ತಂದವು ಎಂದರು. ಅವು ತಮ್ಮ ಅಕ್ಕಪಕ್ಕದ ಬೀಜದ ಮರಗಳಷ್ಟೇ ಎತ್ತರ ನಿಂತಿದ್ದವು. ಮಾರಿದವನ ಹೆಸರು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಒಂಬತ್ತು ವರ್ಷ ಗೊಬ್ಬರ ಹಾಕಿದ ಸಾಲದು. ಕಡಿಯಲು ಮನಸ್ಸು ಬರುವುದಿಲ್ಲವೆಂದಷ್ಟೇ ಹೇಳಿ ಮುಂದಿನ ಸಾಲಿಗೆ ಕರೆದೊಯ್ದರು.

ಎರಡನೆಯ ಚಳಿಗಾಲದ ಕೊನೆಯಲ್ಲಿ ನಾವು ಮತ್ತೆ ಕಡ್ಡಿ ಕೇಳಿದೆವು. ಈ ಸಲ ಡೆಲಿಷಸ್ ಅಲ್ಲ. ಅವರದೇ ತಾಯಿಸಾಲಿನ ಎಂಎಂ 106, ಬುಡದ ಭಾಗ, ಇಪ್ಪತ್ತು. ಹಣ್ಣಿನ ಮರದ ಪೆಟ್ಟಿಗೆಯೊಂದನ್ನು ಬೋರಲಿಟ್ಟು, ಒಳಗೆ ನಲವತ್ತು ವ್ಯಾಟಿನ ಬಲ್ಬ್ ತೂಗುಹಾಕಿ, ಮೇಲೆ ಮರಳು ತುಂಬಿದ ತಗಡಿನ ತಟ್ಟೆ ಇಟ್ಟೆವು. ಜಾಗ ಬಿಸಿಲು ಬಾರದ ಉತ್ತರದ ವರಾಂಡ. ಮರಳಿನಲ್ಲಿ ಜ್ವರ ನೋಡುವಂತೆ ದಿನಕ್ಕೆರಡು ಬಾರಿ ಉಷ್ಣಮಾಪಕ ಚುಚ್ಚಿ ನೋಡುವುದು, ಕಾವು ಹೆಚ್ಚಾದರೆ ಬಲ್ಬ್ ಆರಿಸುವುದು. ಹದಿನೆಂಟನೆಯ ದಿನ ಒಂದು ಕಡ್ಡಿಯನ್ನು ಎತ್ತಿ ನೋಡಿದಾಗ ಬುಡದ ತೊಗಟೆಯಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿಯ ಚುಕ್ಕೆಗಳಿದ್ದವು. ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದೆವು.

ಏಳು ಕಡ್ಡಿಗಳಿಗೆ ಬೇರು ಬಂದಿತ್ತು. ಮಾರ್ಚಿನಲ್ಲಿ ಕ್ವಾರ್ಟರ್ಸಿನ ಹಿಂದಿನ ಇಳಿಜಾರಿನಲ್ಲಿ ನೆಟ್ಟೆವು, ನಾಲ್ಕು ಉಳಿದವು. ಮರುವರ್ಷ ಅವು ಬೆರಳುಗಾತ್ರ ಆದಾಗ ತೋಟಗಾರರೇ ಬಂದು ಡೆಲಿಷಸ್ಸಿನ ಕಣ್ಣು ಕಸಿ ಕಟ್ಟಿ ಹೋದರು. ದಿಲ್ಲಿಗೆ ವರ್ಗದ ಆದೇಶ ಬಂದದ್ದು ಅದೇ ತಿಂಗಳು. ನಮ್ಮ ನಂತರ ಆ ಮನೆಗೆ ಬಂದವರು ಒಡಿಶಾದ ಕಡೆಯವರು. ಬೀಗದ ಕೈ ಒಪ್ಪಿಸುವಾಗ ನಾಲ್ಕು ಸಸಿಗಳನ್ನೂ ತೋರಿಸಿ, ಬುಡದ ಮರಿಗಳನ್ನು ಕೀಳುತ್ತಿರಿ, ಕಸಿಯ ಗಂಟು ಮಣ್ಣಿನ ಮೇಲೆಯೇ ಇರಲಿ ಎಂದು ಹೇಳಿದೆವು. ಅವರು ಮೊಬೈಲಿನಲ್ಲಿ ಬರೆದುಕೊಂಡು, ಇದು ಯಾವ ಸೇಬು ಎಂದು ಕೇಳಿದರು. ಮೇಲಿನದೋ ಕೆಳಗಿನದೋ ಎಂದು ನಾವು ಕೇಳಿದೆವು.